ಬೆರಳಿಡುವವರು

ನಮ್ಮ ಊರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದರೆ ಮನೆಯೊಡತಿ ಮುಂಗಡದ ಮಾತಿಗಿಂತ ಮೊದಲು ಕೇಳುವುದು, "ನಿಮಗೆ ಬೆರಳಿಡೋರು ಯಾರು?" ಎಂದು. ಗಂಡ, ಅತ್ತೆ, ಅಕ್ಕ, ಯಾರ ಹೆಸರನ್ನಾದರೂ ಹೇಳಬೇಕು. ಹೇಳಲು ತಡವರಿಸಿದರೆ ಆಕೆ ಬೀಗದ ಕೈಯನ್ನು ಸೆರಗಿನ ತುದಿಯಿಂದ ಬಿಚ್ಚುವುದೇ ಇಲ್ಲ.

ಇಲ್ಲಿ ಬೆಂಕಿ ಹತ್ತುವುದಿಲ್ಲ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ಬೆಂಕಿಪೊಟ್ಟಣ ತೆಗೆದು ಕಡ್ಡಿಯ ಮೇಲೆ ಕಡ್ಡಿ ಗೀರುತ್ತಾರೆ, ಮಕ್ಕಳು ಸುತ್ತ ನಿಂತು ನಗುತ್ತಾರೆ, ಎರಡನೇ ದಿನ ಅವರೂ ಸುಮ್ಮನಾಗುತ್ತಾರೆ. ದೇವರ ಮುಂದೆ ಎಣ್ಣೆಯಲ್ಲಿ ನೆನೆದ ಬತ್ತಿಯನ್ನಿಟ್ಟು ಕೈಮುಗಿಯುತ್ತೇವೆ, ಅದನ್ನೇ ದೀಪ ಎನ್ನುತ್ತೇವೆ. ಸತ್ತವರು ಯಾವ ಜಾತಿಯವರಾದರೂ ಮಣ್ಣಿಗೇ. ತಂತಿ ಸುತ್ತಿದ ಕರೆಂಟಿನ ಒಲೆ ಕೂಡ ಇಲ್ಲಿ ಕೆಂಪಾಗುವುದಿಲ್ಲ. ನಡೆಯುವುದು ಮೈಕ್ರೋವೇವ್ ಓವನ್ ಒಂದೇ. ಅಕ್ಕಿ ಬೇಯುವುದು, ಹಾಲು ಕಾಯುವುದು, ಬಾಣಂತಿಗೆ ಮೈ ಒರೆಸುವ ನೀರು ಬಿಸಿಯಾಗುವುದು, ಎಲ್ಲವೂ ಅದರಲ್ಲೇ. ಬಿಸಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆಗೆ ಮಾತ್ರ ನಾವೂ ಮಸಿಬಟ್ಟೆ ಎಂದೇ ಅನ್ನುತ್ತೇವೆ. ಮಸಿ ಹೇಗಿರುತ್ತದೆ ಎಂದು ನಾನು ಕಂಡವಳಲ್ಲ. ಆದರೂ ನಾನು ಹೊಟ್ಟೆ ಹೊರೆಯುವುದು ಮಸಿಬಟ್ಟೆ ಹೊಲಿದೇ. ಹಳೆಯ ಹತ್ತಿಸೀರೆಗಳನ್ನು ಪದರ ಪದರವಾಗಿ ಇಟ್ಟು ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಯುತ್ತೇನೆ. ನಡುವೆ ಜರಿಯ ಒಂದು ಎಳೆಯೂ ಸೇರದಂತೆ ನೋಡಿಕೊಳ್ಳುತ್ತೇನೆ. ಯಾರಾದರೂ ಮೈಮರೆತು ಬಟ್ಟೆಯ ಸಮೇತ ಪಾತ್ರೆಯನ್ನು ಒಳಗಿಟ್ಟರೆ ಜರಿ ಚಟಚಟ ಎಂದು ಕಿಡಿ ಕಾರುತ್ತದೆ. ಈ ಊರಿನವರು ನೋಡಿರುವ ಕಿಡಿ ಅದೊಂದೇ.

ಓವನ್ನಿನ ಬಿಸಿಗೆ ಒಂದು ಗುಣವಿದೆ. ಅದು ಅಂಚನ್ನು ಮೊದಲು ಹಿಡಿಯುತ್ತದೆ. ಬಟ್ಟಲಿನ ಸುತ್ತ ಸಾರು ಕೊತಕೊತ ಎನ್ನುತ್ತಿದ್ದರೂ ನಟ್ಟನಡುವೆ ನಿನ್ನೆಯ ತಣುಪು ಹಾಗೆಯೇ ಕೂತಿರಬಹುದು, ಆ ತಣುಪಿನಲ್ಲಿ ಕಾಯಿಲೆಯೂ ಕೂತಿರಬಹುದು. ಅದಕ್ಕೇ ಅರ್ಧದಲ್ಲಿ ಬಾಗಿಲು ತೆಗೆದು ಕಲಸಬೇಕು, ಮತ್ತೆ ಇಡಬೇಕು. ಹೊರಗೆ ತೆಗೆದ ಮೇಲೂ ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಅಂಚಿನ ಬಿಸಿ ನಡುವಿನವರೆಗೆ ನಡೆದು ಬರಲು ಹೊತ್ತು ಹಿಡಿಯುತ್ತದೆ. ಆಮೇಲೆ ಬೇಯಿಸಿದವರಲ್ಲದ ಇನ್ನೊಬ್ಬರು ಕೈ ತೊಳೆದುಕೊಂಡು ಬಂದು, ಉಂಗುರದ ಬೆರಳನ್ನು ಮಧ್ಯಕ್ಕೆ ಇಟ್ಟು, "ಬಿಸಿ ಇದೆ" ಎನ್ನಬೇಕು. ಅಂದ ಮೇಲೆಯೇ ತುತ್ತು. ತಾನೇ ಬೆರಳಿಟ್ಟು ತಾನೇ ಉಣ್ಣುವಂತಿಲ್ಲ. ಹಸಿದವರ ಬೆರಳು ಸುಳ್ಳು ಹೇಳುತ್ತದೆ ಎಂದು ನಮ್ಮಲ್ಲಿ ಗಾದೆ.

ನನಗೆ ನನ್ನ ಅಕ್ಕ ಅಂಬುಜ ಬೆರಳಿಡುತ್ತಿದ್ದಳು, ಅವಳಿಗೆ ನಾನು. ನಾವಿಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ, "ಇವಳಿಗೆ ನಾನಿದೀನಿ, ನನಗೆ ಇವಳಿದಾಳೆ. ಇನ್ನೊಬ್ಬ ಬಂದು ಏನು ಅಕ್ಕಿ ತೊಳೀತಾನಾ?" ಎನ್ನುತ್ತಿದ್ದಳು. ಓವನ್ನಿನ ವಿಷಯದಲ್ಲಿ ಅವಳು ಬಹಳ ಬಿಗಿ. ಆಲೂಗೆಡ್ಡೆಗೆ ಚುಚ್ಚದೆ ಒಳಗಿಡುವಂತಿಲ್ಲ. ಬಿಗಿ ಮುಚ್ಚಳದ ಡಬ್ಬಿ ಇಡುವಂತಿಲ್ಲ. ಬರೀ ನೀರು ಕಾಯಿಸುವಾಗ ಲೋಟದಲ್ಲಿ ಒಂದು ಮರದ ಚಮಚ ಇರಲೇಬೇಕು. ನೀರು ಗುಳ್ಳೆಯೇ ಏಳದೆ ಒಳಗೊಳಗೇ ಕುದಿದು, ಮುಟ್ಟಿದ ಕೂಡಲೇ ಮುಖಕ್ಕೆ ಹಾರುವುದುಂಟು. "ಸದ್ದಿಲ್ಲದೆ ಕಾದಿರೋದನ್ನ ನಂಬಬಾರದು" ಎನ್ನುತ್ತಿದ್ದಳು. ಅವಳು ಹೋದದ್ದೂ ಹಾಗೆಯೇ, ಸದ್ದಿಲ್ಲದೆ. ಮಧ್ಯಾಹ್ನ ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತವಳು ಏಳಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನಗಾಗಿ ಒಂದು ತಟ್ಟೆ ಅನ್ನ ಬಿಸಿ ಮಾಡಿದೆ. ಮುಚ್ಚಳ ಮುಚ್ಚಿ ಕಾದೆ. ಕಾದು ಮುಗಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ಕಿರಿದಾದ ಸಂದು. ಎದುರು ಕಿಟಕಿ ಗಿರಿಜಕ್ಕನ ಅಡುಗೆಮನೆಯದು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದ್ದ, ಮಕ್ಕಳಿಲ್ಲದ ಮುದುಕಿ. ಆಕೆಗೆ ಬೆರಳಿಡುತ್ತಿದ್ದ ನಾದಿನಿಯೂ ಆಚೆ ವರ್ಷ ತೀರಿಕೊಂಡಿದ್ದಳು. ಆಮೇಲೆ ಅವರ ತಟ್ಟೆ ಯಾರ ಕಿಟಕಿಗೆ ಹೋಗುತ್ತಿತ್ತೆಂದು ನಾನು ಕೇಳಿರಲಿಲ್ಲ. ಗಿರಿಜಕ್ಕ ಕಿಟಕಿಯಿಂದ ನನ್ನನ್ನು ನೋಡಿದರು. ನನ್ನ ತಟ್ಟೆಯನ್ನು ನೋಡಿದರು. ಕೈ ತೊಳೆದುಕೊಂಡು ಬಂದು ಕಂಬಿಗಳ ನಡುವಿನಿಂದ ಕೈ ಚಾಚಿ, ಮುಚ್ಚಳ ಸರಿಸಿ ಬೆರಳಿಟ್ಟರು.

"ಬಿಸಿ ಇದೆ. ಊಟ ಮಾಡು ಹೋಗು ವಾರಿಜಾ."

ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬೆರಳಾದೆವು. ಹೇಳಿಕೊಳ್ಳುವಂಥ ಸ್ನೇಹವಲ್ಲ. ನಾನು ಅವರ ಮನೆಯೊಳಗೆ ಕಾಲಿಟ್ಟದ್ದು ಕಡಿಮೆ, ಅವರು ನಮ್ಮ ಮನೆಗೆ ಬಂದದ್ದು ಇನ್ನೂ ಕಡಿಮೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಊಟಕ್ಕೆ ಕಿಟಕಿ ತೆರೆಯುತ್ತಿತ್ತು. ನನ್ನ ತಟ್ಟೆ ಆಚೆ, ಅವರದು ಈಚೆ. ಒಂದೆರಡು ಮಾತು. ಆಮೇಲೆ ಇಬ್ಬರೂ ತಂತಮ್ಮ ಗೋಡೆಗೆ ಎದುರಾಗಿ ಕೂತು ಉಣ್ಣುತ್ತಿದ್ದೆವು. ಆದರೂ ದಿನವಿಡೀ ಮಷೀನಿನ ಮುಂದೆ ಕೂತು ಪೆಡಲು ತುಳಿಯುವಾಗ ನನ್ನ ಮನಸ್ಸು ಆ ಕಿಟಕಿಯ ಹೊತ್ತಿಗಾಗಿ ಕಾಯುತ್ತಿತ್ತು. ನಾನು ಉಣ್ಣಬಹುದು ಎಂದು ಇನ್ನೊಬ್ಬರು ಹೇಳುವ ಹೊತ್ತು ಅದು. ಹೆಂಗಸಾದವಳಿಗೆ ಹಾಗೆ ಯಾರು ಹೇಳುತ್ತಾರೆ? ಅವಳು ಉಂಡಳೇ ಎಂದು ಕೇಳುವುದು ಎಲ್ಲರ ಊಟ ಮುಗಿದ ಮೇಲೆ.

ಹುರುಳಿ ಸಾರಿನ ದಿನ ನನಗೆ ವಿಷಯ ತಿಳಿಯಿತು. ಅಂದು ಹೊಲಿಗೆಯ ಅವಸರವಿತ್ತು. ಸಾರನ್ನು ಹೊರಗೆ ತೆಗೆದು ಬಿಡಬೇಕಾದಷ್ಟು ಹೊತ್ತು ಬಿಡದೆ ಕಿಟಕಿಗೆ ತಂದುಬಿಟ್ಟೆ. ಬಟ್ಟಲಿನಲ್ಲಿ ಇನ್ನೂ ಗುಳ್ಳೆ ಏಳುತ್ತಿತ್ತು. ಗಿರಿಜಕ್ಕ ನಗುತ್ತಲೇ ಬಂದರು. ಎದುರುಸಾಲಿನ ಪ್ರಫುಲ್ಲಳ ಸುದ್ದಿ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

"ಕೇಳಿದ್ಯಾ? ಪ್ರಫುಲ್ಲ ಮೊನ್ನೆ ಮೊಟ್ಟೇನ ಚಿಪ್ಪಿನ ಸಮೇತ ಓವನ್ನಿಗಿಟ್ಳಂತೆ. ಢಂ ಅಂತು. ಒಳಗೆಲ್ಲಾ ಹಳದಿ. ಅವರತ್ತೆ ಬಂದು ನಿಧಾನಕ್ಕೆ ಕೇಳಿದ್ರಂತೆ, 'ಯಾಕಮ್ಮಾ, ನಿಮ್ಮ ತವರಲ್ಲಿ ಕೋಳಿಗಳು ಬೇಯಿಸಿರೋ ಮೊಟ್ಟೇನೇ ಇಡ್ತಿದ್ವಾ?' ಅಂತ."

ನಾನೂ ನಕ್ಕೆ. ನಗುತ್ತಿದ್ದವಳು ನಿಲ್ಲಿಸಿದೆ. ಗಿರಿಜಕ್ಕನ ಬೆರಳು ಸಾರಿನಲ್ಲೇ ಇತ್ತು. ಬೆರಳಿಡುವವರು ಬಿಸಿ ತಾಕಿದ ತಕ್ಷಣ ಕೈ ಹಿಂದೆಗೆಯುತ್ತಾರೆ, ಅದು ಅವರು ಮಾಡುವುದಲ್ಲ, ಮೈ ಮಾಡುವುದು. ಗಿರಿಜಕ್ಕ ಮಾತ್ರ, ಪ್ರಫುಲ್ಲಳ ಅತ್ತೆ ಆಮೇಲೆ ಏನೆಂದರು, ಗಂಡ ಏನೆಂದ, ಎಲ್ಲ ಹೇಳಿ ಮುಗಿಸಿದರು. ಬಟ್ಟಲಿನ ಗುಳ್ಳೆ ಅವರ ಬೆರಳಿನ ಸುತ್ತ ಒಡೆಯುತ್ತಿತ್ತು.

"ಬಿಸಿ ಇದೆ" ಎಂದು ಕೊನೆಗೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

ಮಾರನೆಯ ದಿನ ಆ ಬೆರಳಿಗೆ ಬಟ್ಟೆ ಸುತ್ತಿತ್ತು. "ಈಳಿಗೆಮಣೆ ತಗುಲ್ತು" ಎಂದರು. ಬೇರೆ ಬೆರಳಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ಮೊದಲೆಲ್ಲ ಸಂಜೆ ಕಿಟಕಿಯ ಹತ್ತಿರ ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದವರು, ಕಣ್ಣು ಮಂಜು ಎಂದು ನಿಲ್ಲಿಸಿಬಿಟ್ಟಿದ್ದರು. ಕಣ್ಣು ಮಂಜಾದವರು ಎದುರುಸಾಲಿನ ಪ್ರಫುಲ್ಲಳ ಸೀರೆಯ ಅಂಚಿನ ಬಣ್ಣ ಹೇಗೆ ಹೇಳುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಬೆರಳಿಲ್ಲದವರಿಗೆ ನಮ್ಮಲ್ಲಿ ಚಾವಡಿ ಇದೆ. ಉದ್ದನೆಯ ಹಜಾರ, ಬೆಂಚುಗಳೆಲ್ಲ ಒಂದೇ ಗೋಡೆಯ ಕಡೆಗೆ. ಕೆಲಸದವರು ಥರ್ಮಾಮೀಟರಿನ ಕಡ್ಡಿಯನ್ನು ಒಂದೊಂದೇ ತಟ್ಟೆಯ ಮಧ್ಯಕ್ಕೆ ಚುಚ್ಚುತ್ತ, ಅಂಕಿ ನೋಡುತ್ತ, ಒರೆಸುತ್ತ ಮುಂದೆ ಹೋಗುತ್ತಾರೆ. ಕಡ್ಡಿ ಸುಳ್ಳು ಹೇಳುವುದಿಲ್ಲ, ಅದನ್ನು ಎಲ್ಲರೂ ಒಪ್ಪುತ್ತಾರೆ. ಆದರೂ "ಕಡ್ಡಿ ಊಟಕ್ಕೆ ಬಿದ್ದಳು" ಎನ್ನುವುದು ನಮ್ಮಲ್ಲಿ ಬೈಗುಳ. ನಾನು ಅಲ್ಲಿಗೆ ಮಸಿಬಟ್ಟೆ ಕೊಡಲು ಹೋಗಿದ್ದೇನೆ. ಅಷ್ಟು ಜನ ಉಣ್ಣುತ್ತಿದ್ದರೂ ಅಗಿಯುವ ಸದ್ದು ಮಾತ್ರ ಕೇಳುತ್ತದೆ. ಒಮ್ಮೆ ಚಾವಡಿಗೆ ಹೆಸರು ಕೊಟ್ಟರೆ ಮನೆಯ ಓವನ್ನನ್ನು ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅಡುಗೆಮನೆಯ ಕಿಟಕಿ ತೆರೆಯಲು ಯಾವ ಕಾರಣವೂ ಉಳಿಯುವುದಿಲ್ಲ. ಗಿರಿಜಕ್ಕನ ಬೆರಳಿಗೆ ಬಿಸಿ ತಿಳಿಯುವುದಿಲ್ಲ ಎಂದು ನಾನು ಬಾಯಿಬಿಟ್ಟರೆ ನನಗೆ ಬೆರಳಿಲ್ಲ. ನಾನು ಚಾವಡಿಗೆ ಹೋದರೆ ಅವರಿಗೂ ಬೆರಳಿಲ್ಲ.

ಹಾಗಾಗಿ ನಾನು ತಟ್ಟೆಯನ್ನು ಆರಿಸಿ ಕೊಡಲು ಶುರುಮಾಡಿದೆ. ಬಿಸಿ ಮಾಡಿ, ಮುಚ್ಚಳ ತೆಗೆದು, ಹಬೆಯೆಲ್ಲ ಹೋಗುವ ತನಕ ಬೀಸಣಿಗೆಯಿಂದ ಬೀಸಿ, ಉಗುರುಬೆಚ್ಚಗಾದ ಮೇಲೆ ಮತ್ತೆ ಮುಚ್ಚಿ ಕಿಟಕಿಗೆ ಒಯ್ಯುತ್ತಿದ್ದೆ. ಅವರ ಬೆರಳು ಸುಡಬಾರದು ಎಂಬುದಷ್ಟೇ ನನ್ನ ಯೋಚನೆ. ಗಿರಿಜಕ್ಕ ಬೆರಳಿಟ್ಟು, "ಬಿಸಿ ಇದೆ" ಎನ್ನುತ್ತಿದ್ದರು. ನಾನು ತಟ್ಟೆ ತಂದು ಮತ್ತೆ ಓವನ್ನಿಗಿಟ್ಟು ಕಾಯಿಸಿಕೊಂಡು ಉಣ್ಣುತ್ತಿದ್ದೆ.

ಅದು ಬಹಳ ದಿನ ನಡೆಯಲಿಲ್ಲ. ಓವನ್ನಿಗೆ ಬಾಯಿದೆ. ಕೆಲಸ ಮುಗಿದ ಕೂಡಲೇ ಟಿಂಗ್ ಎನ್ನುತ್ತದೆ, ಆ ಸದ್ದು ಓಣಿಯುದ್ದಕ್ಕೂ ಹೋಗುತ್ತದೆ. ಬೆರಳಿಟ್ಟ ಮೇಲೆ ಯಾರ ಮನೆಯ ಓವನ್ನೂ ಕೂಗಬಾರದು.

"ವಾರಿಜಕ್ಕಾ," ಪ್ರಫುಲ್ಲ ಒಂದು ದಿನ ಬಟ್ಟೆ ಒಣಹಾಕುತ್ತಾ ಕೇಳಿದಳು, "ನಿಮ್ಮ ಓವನ್ ಎರಡೆರಡು ಸಲ ಕೂಗುತ್ತಲ್ಲ, ನೆಂಟರು ಬಂದಿದಾರಾ?"

"ಹಾಲು ಕಾಯಿಸ್ದೆ ಕಣೇ."

"ಊಟದ ಹೊತ್ತಿನಲ್ಲಾ? ದಿನಾನಾ?" ಎಂದು ಒಂದು ಚಾದರವನ್ನು ಜಾಡಿಸಿ ಹರವಿದಳು. ಚಾದರದ ಆಚೆಯಿಂದ, "ಹಾಲು ಕುಡಿದ್ರೆ ಒಳ್ಳೇದೇ ಬಿಡಿ. ಸೊರಗಿದೀರ" ಎಂದಳು.

ಟಿಂಗ್ ಎನ್ನುವ ಮೊದಲೇ ಬಾಗಿಲು ತೆಗೆಯಲು ನೋಡಿದೆ. ಒಮ್ಮೊಮ್ಮೆ ಆಗುತ್ತಿತ್ತು, ಒಮ್ಮೊಮ್ಮೆ ತಪ್ಪುತ್ತಿತ್ತು. ಕೊನೆಗೆ ಮತ್ತೆ ಕಾಯಿಸುವುದನ್ನೇ ಬಿಟ್ಟೆ. ಆರಿದ್ದನ್ನೇ ಉಂಡೆ. ದಿನ ಕಳೆದಂತೆ ಮೊದಲ ಸಲ ಬಿಸಿ ಮಾಡುವುದರಲ್ಲೂ ಶ್ರದ್ಧೆ ಕಡಿಮೆಯಾಯಿತು. ಹೇಗೂ ಆರಿಸುವುದೇ ಅಲ್ಲವೇ ಎಂದು ಕಲಸದೆ, ಕಾಯದೆ, ಸುಮ್ಮನೆ ಒಂದು ಸುತ್ತು ತಿರುಗಿಸಿ ತೆಗೆಯುತ್ತಿದ್ದೆ. ಅಕ್ಕ ನೋಡಿದ್ದರೆ ತಟ್ಟೆಯನ್ನು ಬೀದಿಗೆ ಎಸೆಯುತ್ತಿದ್ದಳು. ಗಿರಿಜಕ್ಕ ಮಾತ್ರ ತಣ್ಣನೆಯ ಅನ್ನದಲ್ಲಿ ಬೆರಳಿಟ್ಟು, ಮೊದಲಿಗಿಂತ ತುಸು ಜೋರಾಗಿಯೇ, "ಬಿಸಿ ಇದೆ" ಎನ್ನುತ್ತಿದ್ದರು.

ಹೊರಗೇ ಉಳಿದಿದ್ದ ಹಿಂದಿನ ದಿನದ ಅನ್ನ ನನ್ನನ್ನು ಮಲಗಿಸಿತು. ಬೆಳಗಿನ ಜಾವದಿಂದ ವಾಂತಿ. ಬಚ್ಚಲಿನ ಗೋಡೆ ಹಿಡಿದುಕೊಂಡು ಕೂತಿದ್ದಾಗ ಬಾಗಿಲು ತಟ್ಟಿ ಒಳಗೆ ಬಂದವಳು ಪ್ರಫುಲ್ಲ. ಜೀರಿಗೆ ಹಾಕಿ ಕಾಯಿಸಿದ ನೀರು ತಂದಿದ್ದಳು. ಅದನ್ನು ಕುಡಿಸಿ, ಮುಖ ಒರೆಸಿ, ಮಂಚಕ್ಕೆ ಒರಗಿಸಿ, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಗಿರಿಜಕ್ಕನ ಬೆರಳು ಸೋತಿದೆ ಅಲ್ವಾ?"

"ಇಲ್ಲ. ಅಂಗಡಿಯಿಂದ ಏನೋ ತಂದು ತಿಂದೆ."

"ಯಾವ ಅಂಗಡಿ?"

ನಾನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡೆ.

"ನೋಡಿ ವಾರಿಜಕ್ಕ, ಅವರಿಗೆ ವಯಸ್ಸಾಯ್ತು, ಅದರಲ್ಲಿ ಅವಮಾನ ಏನಿಲ್ಲ. ನೀವಾಗೇ ಚಾವಡಿಗೆ ತಿಳಿಸಿದ್ರೆ ಸರಿ. ಇಲ್ಲಾಂದ್ರೆ ನಾನು ತಿಳಿಸ್ತೀನಿ. ಆಮೇಲೆ ನನ್ನ ಬಾಯಿ ದೊಡ್ಡದು ಅನ್ಬೇಡಿ. ನಾಳೆ ನಿಮಗೇನಾದ್ರೂ ಆದ್ರೆ ಹೊರೋದು ನಾವೇ ತಾನೇ?"

ಅವಳು ಹೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಸಂಜೆ ಕಷ್ಟಪಟ್ಟು ಎದ್ದು ಗಂಜಿ ಮಾಡಿಕೊಂಡು ಕಿಟಕಿ ತೆರೆದೆ. ಗಿರಿಜಕ್ಕ ಆಗಲೇ ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ನನ್ನ ಬಟ್ಟಲಿನ ಕಡೆ ಕೈ ಚಾಚಲಿಲ್ಲ.

"ವಾಂತಿ ಸದ್ದು ಕೇಳಿಸ್ತು" ಎಂದರು. "ನಿಜ ಹೇಳು. ನನ್ನ ಬೆರಳಿಂದಾನಾ?"

"ಇಲ್ಲ ಗಿರಿಜಕ್ಕ. ನಾನೇ ತಣ್ಣಗಿರೋದನ್ನ ಕೊಟ್ಟಿದ್ದೆ."

"ಅದು ನನಗೆ ಗೊತ್ತಿಲ್ವಾ? ಈ ನಡುವೆ ನಿನ್ನ ಮುಚ್ಚಳ ಒಣಗಿರ್ತಿತ್ತು. ಒಳಗೆ ಹನಿ ನೀರು ಕೂತಿರ್ತಿರ್ಲಿಲ್ಲ."

ನಾನು ಅವರ ಮುಖವನ್ನು ನೋಡಿದೆ. ಅವರು ನನ್ನ ಬಟ್ಟಲನ್ನೇ ನೋಡುತ್ತಿದ್ದರು.

"ಗೊತ್ತಿದ್ದೂ ಬಿಸಿ ಇದೆ ಅಂತಿದ್ರಾ?"

"ನೀನೇ ತಣ್ಣಗಿರೋದು ತಂದು ಮುಂದೆ ಹಿಡಿದ್ರೆ ನಾನೇನನ್ಲಿ? ನಿನಗೆ ತಿಳಿದುಹೋಗಿದೆ ಅಂತ ಗೊತ್ತಾಯ್ತು. ತಿಳಿದೂ ಕಿಟಕಿಗೆ ಬರ್ತಿದಾಳಲ್ಲ, ಬರ್ಲಿ ಅಂದ್ಕೊಂಡೆ."

"ಯಾವಾಗಿಂದ ಹೀಗೆ? ಬೆರಳು?"

ಅವರು ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಅದು ಬೇರೆ ಯಾರದೋ ವಸ್ತು ಎನ್ನುವ ಹಾಗೆ ಅದನ್ನು ತಿರುಗಿಸಿ ನೋಡಿದರು.

"ಅಂಬುಜ ಹೋಗೋಕ್ಕೆ ಮುಂಚಿಂದ."

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಇನ್ನೊಮ್ಮೆ ಕೇಳಿದೆ.

"ಮೊದಲನೇ ದಿನ ನೀನು ತಟ್ಟೆ ಹಿಡ್ಕೊಂಡು ನಿಂತಿದ್ಯಲ್ಲ," ಗಿರಿಜಕ್ಕ ಹೇಳಿದರು, "ಆಗ್ಲೇ ನನಗೆ ಬಿಸಿ ತಣ್ಣಗೆ ಒಂದೂ ತಿಳೀತಿರ್ಲಿಲ್ಲ. ಹೇಳ್ಬೇಕು ಅಂತ್ಲೇ ಕಿಟಕಿ ಹತ್ರ ಬಂದೆ. ನಿನ್ನ ಮುಖ ನೋಡಿ ಕೈ ತೊಳೆಯೋಕ್ಕೆ ಹೋದೆ. ಮುಚ್ಚಳದ ಒಳಗೆ ನೀರು ಕೂತಿತ್ತು, ಹಬೆ ಕಾಣಿಸ್ತು. ಸರಿ, ಬಿಸಿ ಇದೆ ಅಂದೆ. ದಿನಾ ಹಾಗೇ ಕಣ್ಣಲ್ಲಿ ನೋಡಿ ಹೇಳ್ತಿದ್ದೆ."

"ಹಬೆ ಬರೋದು ಅಂಚಿನಿಂದ ಗಿರಿಜಕ್ಕ. ಅದಕ್ಕೇ ತಾನೇ ಬೆರಳು ಇಡೋದು?"

"ಗೊತ್ತು."

"ನಾನು ಸತ್ತುಹೋಗಿದ್ರೆ?"

ನಾನು ಕಿಟಕಿ ಮುಚ್ಚಿದೆ. ಸಿಟ್ಟಿನಿಂದ ಹಾಕಿದ್ದಲ್ಲ, ಮೆಲ್ಲಗೆ ಮುಚ್ಚಿ ಚಿಲಕ ಹಾಕಿದೆ. ಗಂಜಿಯನ್ನು ಹಾಗೆಯೇ ಕುಡಿದೆ.

ಆ ದಿನಗಳಲ್ಲಿ ನನ್ನನ್ನು ತಿಂದದ್ದು ಕಾಯಿಲೆಯ ಭಯವಲ್ಲ. ಲೆಕ್ಕ ನೋಡಿದರೆ ನಾನು ಇಷ್ಟು ಕಾಲ ಕ್ಷೇಮವಾಗಿಯೇ ಇದ್ದೆ. ಅಕ್ಕ ಕಲಿಸಿದ ಹಾಗೆ ಕಲಸಿದ್ದೆ, ಮುಚ್ಚಿದ್ದೆ, ಕಾದಿದ್ದೆ. ನನ್ನನ್ನು ಕಾಪಾಡಿದ್ದು ಅದು. ಹಾಗಾದರೆ ಅಕ್ಕ ಸತ್ತಂದಿನಿಂದ ನಾನು ಯಾರ ಬೆರಳೂ ಇಲ್ಲದೆ ಉಣ್ಣುತ್ತಿದ್ದೆ. ಒಬ್ಬಳೇ ಇದ್ದೆ. ಒಬ್ಬಳೇ ಇದ್ದೇನೆಂದು ಗೊತ್ತಿಲ್ಲದ್ದರಿಂದ ನಿದ್ದೆ ಮಾಡಿದ್ದೆ, ಹೊಲಿದಿದ್ದೆ, ಒಂದೊಂದು ಸಲ ಹಾಡಿಕೊಂಡೂ ಇದ್ದೆ. ಈಗ ಗೊತ್ತಾದ ಮೇಲೆ ಮನೆ ಅದೇ, ಗೋಡೆ ಅದೇ, ತಟ್ಟೆಯಲ್ಲಿ ಅನ್ನ ಮಾತ್ರ ಅರ್ಧಕ್ಕೇ ಉಳಿಯುತ್ತಿತ್ತು. ಯಾರಾದರೂ ಗಂಡ ಬಿಟ್ಟ ಹೆಂಗಸು ನನ್ನ ಮುಂದೆ ಕೂತು ಅತ್ತರೆ, ಅವನು ಹೋದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಅವನು ಜೊತೆಯಲ್ಲಿದ್ದಾನೆ ಎಂದುಕೊಂಡಿದ್ದ ದಿನಗಳನ್ನು ನೆನೆದೂ ಅಳಬಹುದೆಂದು ಈಗ ತಿಳಿಯಿತು.

ಪ್ರಫುಲ್ಲ ಕರೆದಳು. "ನಮ್ಮನೆ ಕಿಟಕಿಗೆ ಬನ್ನಿ, ನಮ್ಮತ್ತೆ ಇಡ್ತಾರೆ." ಹೋದೆ. ಅವರ ಅಡುಗೆಮನೆಯಲ್ಲಿ ಸಾಲಾಗಿ ತಟ್ಟೆಗಳಿದ್ದವು. ಅತ್ತೆ ಒಂದೊಂದಕ್ಕೂ ಬೆರಳಿಟ್ಟು, "ಇದೆ, ಇದೆ, ಇದಕ್ಕಿಲ್ಲ, ಮತ್ತೆ ಇಡು, ಇದೆ" ಎನ್ನುತ್ತ ಬಂದು, ನನ್ನದಕ್ಕೂ ಬೆರಳು ತಾಗಿಸಿ, "ಇದೆ" ಎಂದು ಮುಂದಕ್ಕೆ ತಳ್ಳಿದರು. ನನ್ನ ಮುಖ ನೋಡಲಿಲ್ಲ. ನೋಡಬೇಕಾದ ಕಾರಣವೂ ಅವರಿಗಿರಲಿಲ್ಲ. ನಿಜವಾದ ಬೆರಳು, ನಿಜವಾದ ಮಾತು. ತಟ್ಟೆಯನ್ನು ಓಣಿ ದಾಟಿಸಿ ಮನೆಗೆ ತರುವಷ್ಟರಲ್ಲಿ ಅನ್ನದ ಮೇಲೆ ಗಾಳಿ ಬೀಸಿ ಪದರ ಕಟ್ಟಿತ್ತು.

ಎರಡನೇ ಸಲ ಹೋದಾಗ ಪ್ರಫುಲ್ಲ ಬಾಗಿಲ ಹತ್ತಿರ ನಿಲ್ಲಿಸಿ ದನಿ ತಗ್ಗಿಸಿದಳು.

"ನಾನು ಏನೂ ಹೇಳೋ ಪ್ರಮೇಯಾನೇ ಬರ್ಲಿಲ್ಲ ನೋಡಿ. ಗಿರಿಜಕ್ಕ ತಾವೇ ಚಾವಡಿಗೆ ಹೋಗಿ ಹೆಸರು ಕೊಟ್ಟು ಬಂದರಂತೆ. ನಾಳೆ ಅವರ ಓವನ್ ತಗೊಂಡು ಹೋಗೋಕ್ಕೆ ಬರ್ತಾರಂತೆ. ಪಾಪ, ಅಷ್ಟು ದೂರ ನಡೆದುಕೊಂಡೇ ಹೋಗಿದ್ರಂತೆ, ಒಂದು ಕಾಲಿನ ಚಪ್ಪಲಿ ಬಿದ್ದೋಗಿದ್ದೂ ಗೊತ್ತಾಗಿಲ್ಲ ಅವರಿಗೆ."

ನಾನು ತಟ್ಟೆ ಹಿಡಿದುಕೊಂಡೇ ನಿಂತೆ. ಆಗ ಒಂದು ವಿಷಯ ಹೊಳೆಯಿತು, ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ನಾನು ಕಿಟಕಿ ಮುಚ್ಚಿದ ಮೇಲೆ ಗಿರಿಜಕ್ಕನ ತಟ್ಟೆಗೆ ಬೆರಳಿಟ್ಟವರು ಯಾರು? ಅವರ ಬೆರಳು ಸತ್ತಿತ್ತು, ನನ್ನದು ಸತ್ತಿರಲಿಲ್ಲ. ಇಷ್ಟು ಕಾಲ ಅವರು ಉಂಡ ಒಂದೊಂದು ತುತ್ತನ್ನೂ ನಾನು ನಿಜವಾಗಿ ಮುಟ್ಟಿ ನೋಡಿ ಹೇಳಿದ್ದೆ. 'ಮಧ್ಯ ತಣ್ಣಗಿದೆ, ಇನ್ನೊಂದು ಸಲ ಇಡಿ' ಎಂದು ಎಷ್ಟೋ ಸಲ ವಾಪಸು ಕಳಿಸಿದ್ದೆ. ಅವರು ಬೇಸರಿಸದೆ ಹೋಗಿ ಮತ್ತೆ ಇಡುತ್ತಿದ್ದರು. ಒಬ್ಬಳೇ ಇದ್ದವಳು ನಾನು. ಅವರು ಒಬ್ಬರೇ ಇರಲಿಲ್ಲ. ಈಗ ಒಬ್ಬರೇ ಇದ್ದರು.

ಮನೆಗೆ ಬಂದು ಚಿಲಕ ತೆಗೆದೆ. ಎದುರು ಕಿಟಕಿ ತೆರೆದೇ ಇತ್ತು. ಗಿರಿಜಕ್ಕ ಅಲ್ಲಿರಲಿಲ್ಲ. ಅಡುಗೆಮನೆಯ ಕಟ್ಟೆಯನ್ನು ತೊಳೆದು ಬರಿದು ಮಾಡಿದ್ದರು, ಓವನ್ನನ್ನು ಒರೆಸಿ, ಅದರ ಗಾಜಿನ ತಟ್ಟೆಯನ್ನು ಹೊರಗೆ ತೆಗೆದು ನಿಲ್ಲಿಸಿದ್ದರು.

"ಗಿರಿಜಕ್ಕಾ."

ಒಳಗಿನಿಂದ ಬಂದರು. ಕಾಲು ಎಳೆಯುತ್ತಿದ್ದರು.

"ನಿಮ್ಮ ತಟ್ಟೆ ಕೊಡಿ."

"ನಾಳೆಯಿಂದ ಬೇಕಾಗಿಲ್ಲಮ್ಮ."

"ಇವತ್ತಿಂದು ಕೊಡಿ."

ಅವರು ಗಾಜಿನ ತಟ್ಟೆಯನ್ನು ಮತ್ತೆ ಒಳಗಿಟ್ಟು, ಒಂದು ಬಟ್ಟಲು ಉಪ್ಪಿಟ್ಟು ಬಿಸಿ ಮಾಡಿ ತಂದರು. ನಾನು ಕೈ ತೊಳೆದು ಬೆರಳಿಟ್ಟೆ. ಸುಟ್ಟಿತು. "ಬಿಸಿ ಇದೆ" ಎಂದೆ. "ತುಂಬಾ ಇದೆ. ಆರಿಸಿ ತಿನ್ನಿ." ಅವರು ಬಟ್ಟಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನಿಂದು?" ಎಂದರು.

ಪ್ರಫುಲ್ಲಳ ಮನೆಯಿಂದ ಬೆರಳಿಡಿಸದೆ ತಂದಿದ್ದ ತಟ್ಟೆಯನ್ನು ಓವನ್ನಿಗಿಟ್ಟು ಅವಸರದಲ್ಲಿ ಬಿಸಿ ಮಾಡಿ, ಕಿಟಕಿಯ ಕಂಬಿಗಳ ನಡುವೆ ಹಿಡಿದೆ. ಅವಲಕ್ಕಿಯ ಹಾಗೆ ಒಣಗಿದ ಅನ್ನ, ಮೇಲೆ ಬೇಳೆ ಹುಳಿ. ಗಿರಿಜಕ್ಕ ಕೈ ಎತ್ತಿ, ಮತ್ತೆ ಇಳಿಸಿದರು.

"ನನಗೇನು ತಿಳಿಯುತ್ತೆ ವಾರಿಜಾ. ಸುಮ್ಮನೆ ಆಡಿಸ್ಬೇಡ."

"ಬಾಯಿಗೆ ತಿಳಿಯುತ್ತಲ್ಲ?"

ಅವರು ನನ್ನನ್ನು ದಿಟ್ಟಿಸಿದರು.

"ಎಂಜಲಾಗುತ್ತೆ."

"ಆಗ್ಲಿ."

"ಏನು ಆಗ್ಲಿ? ನಾನು ಕಟ್ಟಿಕೊಂಡ ಗಂಡನ ಎಲೆಯಲ್ಲೂ ಕೈಹಾಕ್ದೋಳಲ್ಲ. ನೀನು ನನ್ನ ಮಗಳಲ್ಲ, ಸೊಸೆಯಲ್ಲ. ಯಾರಾದ್ರೂ ನೋಡಿದ್ರೆ ಚಾವಡಿಗಲ್ಲ, ಊರಾಚೆಗೇ ಕಳಿಸ್ತಾರೆ. ಆ ಪ್ರಫುಲ್ಲ ಮಹಡಿ ಮೇಲೇ ಇದಾಳೆ, ನೋಡು."

ನಿಜವಾಗಿಯೂ ಇದ್ದಳು. ಒಣಗಿದ ಬಟ್ಟೆಗಳನ್ನು ತೆಗೆಯುತ್ತ ನಮ್ಮ ಸಂದಿನ ಕಡೆಗೆ ಕತ್ತು ತಿರುಗಿಸಿದ್ದಳು. ನಾನು ತಟ್ಟೆ ಹಿಂದೆಗೆಯಲಿಲ್ಲ. ನನ್ನ ತೋಳು ನೋಯತೊಡಗಿತು. ಗಿರಿಜಕ್ಕ ಒಮ್ಮೆ ಮಹಡಿಯ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು. ಬಂದು, ಬಟ್ಟೆ ಸುತ್ತದ ಬೆರಳುಗಳಿಂದ ನನ್ನ ತಟ್ಟೆಯ ನಟ್ಟನಡುವಿನಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ ಅಗಿದರು. ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ತುತ್ತನ್ನು ಸರಿಸಿ ಮತ್ತೆ ಅಗಿದರು. ಮೇಲೆ ಬಟ್ಟೆ ಜಾಡಿಸುವ ಸದ್ದು ನಿಂತುಹೋಗಿತ್ತು.

"ಮಧ್ಯದಲ್ಲಿ ತಣ್ಣಗಿದೆ ಕಣೇ" ಎಂದರು. "ಕಲಸದೇನೇ ಇಟ್ಟಿದೀಯ. ಹೋಗು, ಇನ್ನೊಂದು ಸಲ ಇಡು." ನಾನು ತಿರುಗಿದಾಗ ಮತ್ತೆ ಕರೆದರು. "ಉಪ್ಪೂ ಕಮ್ಮಿ. ದಿನಾ ಹೀಗೇ ತಿಂತಿದ್ಯಾ?"

ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ನಿಂತೆ. ಬೆರಳಿಗೆ ಉಪ್ಪು ತಿಳಿಯುವುದಿಲ್ಲ. ಅಕ್ಕ ಹೋದ ಮೇಲೆ ನನ್ನ ಅಡುಗೆಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಡಬ್ಬಿ ತೆಗೆದು ಒಂದು ಚಿಟಿಕೆ ಹಾಕಿದೆ, ಸಾಲದೆಂದು ಇನ್ನೊಂದು ಚಿಟಿಕೆ. ಅವರು ತೆಗೆದ ಕಡೆ ಅನ್ನದಲ್ಲಿ ಒಂದು ಗುಳಿ ಬಿದ್ದಿತ್ತು. ಅದನ್ನು ಬಿಡದೆ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ಮಾಡಿ ಚೆನ್ನಾಗಿ ಕಲಸಿ, ಓವನ್ನಿಗಿಟ್ಟು ಬಾಗಿಲು ಮುಚ್ಚಿದೆ. ಎದುರು ಕಿಟಕಿಯಲ್ಲಿ ಗಿರಿಜಕ್ಕ ತಮ್ಮ ಉಪ್ಪಿಟ್ಟನ್ನು ಮುಟ್ಟದೆ ಕಾಯುತ್ತಿದ್ದರು.